ಖಜಾನೆಯಲ್ಲಿ ಎಷ್ಟು ಚಿನ್ನ ಇರಬೇಕು, ಸಂಶೋಧನೆಗೆ ಎಷ್ಟು ಹೋಗಬೇಕು?

ಓದುಗರ ಪ್ರಶ್ನೆ: ನಾನು ಡೊಂಬಿವಲಿಯವನು. ತಂದೆ ಠಾಣೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ರಾತ್ರಿ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿವಿಲೈಸೇಷನ್ 4 ಎಂಬ, ರಾಜ್ಯ ಕಟ್ಟಿ ಬೆಳೆಸುವ ತಂತ್ರದ ಆಟ ಆಡುತ್ತೇನೆ, ಕಚೇರಿಗೆ ಹೋಗುವಾಗ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಮೊಬೈಲಿನಲ್ಲಿ ಅದೇ ಬಗೆಯ ಪಾಲಿಟೋಪಿಯಾ. ಎರಡರಲ್ಲೂ ನನಗೆ ಒಂದೇ ತೊಂದರೆ. ಸಿವಿಲೈಸೇಷನ್ 4ರಲ್ಲಿ ಆಡಿದ ಮೊದಲ ಆಟದಲ್ಲಿ, ಖಜಾನೆ ತುಂಬಿದ್ದರೆ ಶತ್ರು ಹಿಂಜರಿಯುತ್ತಾನೆಂದು ಜಾಗರೂಕನಾಗಿ 1,200 ಚಿನ್ನ ಕೂಡಿಟ್ಟೆ. ಪಕ್ಕದ ರಾಜ್ಯ ದಂಡೆತ್ತಿ ಬಂದಾಗ ನನ್ನ ಬಳಿ ಬರೀ ಬಿಲ್ಲುಗಾರರಿದ್ದರು, ಮೂರು ನಗರ ಹೋದವು. ಅದರದೇ ಎರಡನೆಯ ಆಟದಲ್ಲಿ ಸಂಶೋಧನೆಯನ್ನು ಶೇಕಡಾ 100ಕ್ಕೆ ಇಟ್ಟೆ. ಖಜಾನೆ ಬರಿದಾಯಿತು, ಆದಾಯದಲ್ಲಿ ಸಂಶೋಧನೆಗೆ ಎಷ್ಟು ಪಾಲು ಎಂದು ನಿಗದಿ ಮಾಡುವ ಸ್ಲೈಡರ್ ತಾನಾಗಿಯೇ ಇಳಿಯುತ್ತಾ ಬಂತು, ಕೊನೆಗೆ ಸೈನ್ಯವೇ ಮುಷ್ಕರ ಹೂಡಿತು. ಪುಣೆಯಲ್ಲಿರುವ ನನ್ನ ದೊಡ್ಡಪ್ಪನ ಮಗ 'ಖಜಾನೆ ಯಾವಾಗಲೂ ಸೊನ್ನೆಯ ಹತ್ತಿರವೇ ಇರಬೇಕು' ಎನ್ನುತ್ತಾನೆ. ಅಪ್ಪನನ್ನು ಕೇಳಿದರೆ 'ಮೂರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಯಾವ ವ್ಯವಹಾರವೂ ನಿಲ್ಲದು' ಎನ್ನುತ್ತಾರೆ. ಯಾರ ಮಾತು ಸರಿ? ಎಷ್ಟು ಉಳಿಸಬೇಕು?

ಉತ್ತರ: ಎರಡೂ ಆಟಗಳ ಸೇವ್ ಫೈಲುಗಳನ್ನು ಪತ್ರದ ಜೊತೆ ಕಳಿಸಿದ್ದೀರಿ. ಅದರಿಂದ ಊಹೆಯ ಮೇಲೆ ಮಾತನಾಡುವುದು ತಪ್ಪಿತು. ಭಾನುವಾರ ಬೆಳಿಗ್ಗೆ ಎರಡನ್ನೂ ತೆರೆದು ನೋಡಿದೆ. ಪುಣೆಯಲ್ಲಿ 14 ವರ್ಷಗಳಿಂದ ನನ್ನ ಕೆಲಸ ಇಂಥದ್ದೇ: ತಂತ್ರದ ಆಟಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ, ಯಾವ ಸರದಿಯಲ್ಲಿ ಆಟಗಾರನ ಕೈಯಲ್ಲಿ ಎಷ್ಟು ಹಣ ಇರಬೇಕು ಎಂಬ ಲೆಕ್ಕ ಕೂರಿಸುವುದು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಉಳಿಸಿದಾಗಲೂ ಸೋತಿರಿ, ಖರ್ಚು ಮಾಡಿದಾಗಲೂ ಸೋತಿರಿ. ಇವೆರಡರ ನಡುವೆ ಸರಿಯಾದ ಒಂದು ಅಂಕಿ ಎಲ್ಲೋ ಇದೆ, ಅದು ಕೈಗೆ ಸಿಗುತ್ತಿಲ್ಲ ಎಂದು ನಿಮಗೆ ಅನಿಸಿದೆ. ಅಂಥ ಅಂಕಿ ಇಲ್ಲ. ಎರಡು ಸೋಲುಗಳ ಕಾರಣ ಬೇರೆ ಬೇರೆ, ಮತ್ತು ಎರಡರಲ್ಲೂ ತಪ್ಪು ನೀವು ಅಂದುಕೊಂಡ ಜಾಗದಲ್ಲಿಲ್ಲ.

ಎರಡನೆಯ ಆಟದಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿನ ತಪ್ಪುಕಲ್ಪನೆ ಬಹಳ ಜನರಲ್ಲಿದೆ. ಸಂಶೋಧನೆಗೆ ಅತಿಯಾಗಿ ಸುರಿದದ್ದರಿಂದ ಸೈನ್ಯ ಮುಷ್ಕರ ಹೂಡಿತು ಎಂದು ನೀವು ಬರೆದಿದ್ದೀರಿ. ಹಾಗಾಗಲು ಸಾಧ್ಯವಿಲ್ಲ. 2005ರಲ್ಲಿ ಬಂದ ಈ ಆಟದಲ್ಲಿ ಖಜಾನೆ ಸೊನ್ನೆಗಿಂತ ಕೆಳಗೆ ಹೋಗುವಂತಿದ್ದರೆ ಆಟವೇ ಸ್ಲೈಡರನ್ನು ಹತ್ತು ಹತ್ತು ಶೇಕಡಾ ಇಳಿಸಿ ಹಣವನ್ನು ಖಜಾನೆಯ ಕಡೆಗೆ ತಿರುಗಿಸುತ್ತದೆ. 'ತಾನಾಗಿಯೇ ಇಳಿಯುತ್ತಾ ಬಂತು' ಎಂದು ನೀವೇ ಬರೆದಿದ್ದೀರಲ್ಲ, ಅದು ಇದೇ. ಪೂರ್ತಿ ಆದಾಯ ಖಜಾನೆಗೆ ಬಂದರೂ ಖರ್ಚಿಗೆ ಸಾಲದಿದ್ದಾಗ ಮಾತ್ರ ಮುಷ್ಕರ, ಆಮೇಲೆ ಒಂದೊಂದಾಗಿ ದಳಗಳ ವಿಸರ್ಜನೆ. ಅಂದರೆ ನಿಮ್ಮ ರಾಜ್ಯ ಸಂಶೋಧನೆಗೆ ಒಂದು ಕಾಸೂ ಕೊಡದಿದ್ದರೂ ನಷ್ಟದಲ್ಲೇ ಇತ್ತು. ಕೂಡಿಟ್ಟ ಚಿನ್ನ ಅದನ್ನು ಕೆಲವು ಸರದಿ ಮುಚ್ಚಿಟ್ಟಿತ್ತು, ಅಷ್ಟೆ.

ಎಫ್2 ಒತ್ತಿದರೆ ಹಣಕಾಸಿನ ಪರದೆ ತೆರೆಯುತ್ತದೆ. ನಿಮ್ಮ ಫೈಲಿನಲ್ಲಿ ಅಲ್ಲಿ ಕಂಡ ಲೆಕ್ಕ ಇದು. ಆದಾಯವೆಲ್ಲ ಖಜಾನೆಗೆ ಬಂದರೆ ಸರದಿಗೆ 72 ಚಿನ್ನ. ಖರ್ಚು: ಸೈನ್ಯದ ವೆಚ್ಚ 9, ಗಡಿಯಾಚೆ ನಿಂತ ದಳಗಳ ಸರಬರಾಜು 6, ನಗರಗಳ ನಿರ್ವಹಣೆ 44, ಆಡಳಿತ ಪದ್ಧತಿಗಳ ವೆಚ್ಚ 11, ಹಣದುಬ್ಬರ 8. ಒಟ್ಟು 78. ಸರದಿಗೆ 6 ಚಿನ್ನದ ನಷ್ಟ. ಅರ್ಧಕ್ಕಿಂತ ಹೆಚ್ಚು ಹೋಗುತ್ತಿರುವುದು ನಗರಗಳ ನಿರ್ವಹಣೆಗೆ, ಸಂಶೋಧನೆಗೆ ಅಲ್ಲ. ಈ ಆಟದಲ್ಲಿ ಪ್ರತಿ ನಗರದ ನಿರ್ವಹಣಾ ವೆಚ್ಚ ಮುಖ್ಯವಾಗಿ ಎರಡು ಕಾರಣಕ್ಕೆ ಏರುತ್ತದೆ: ರಾಜಧಾನಿಯಿಂದ ದೂರ, ಮತ್ತು ಒಟ್ಟು ನಗರಗಳ ಸಂಖ್ಯೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ಒಂಬತ್ತನೆಯ ನಗರ ಕಟ್ಟಿದಾಗ ಅದರ ವೆಚ್ಚ ಮಾತ್ರ ಸೇರುವುದಿಲ್ಲ, ಮೊದಲಿದ್ದ ಎಂಟೂ ತುಸು ದುಬಾರಿಯಾಗುತ್ತವೆ. ಹೊಸ ನಗರದಲ್ಲಿ ಒಬ್ಬನೇ ಪ್ರಜೆ. ಅವನು ಗದ್ದೆಯಲ್ಲಿ ದುಡಿದರೆ ತಿನ್ನಲು ಸಿಗುತ್ತದೆ, ಖಜಾನೆಗೆ ಬರುವುದು ಅತ್ಯಲ್ಪ. ನೀವು ಐದನೆಯದರಿಂದ ಒಂಬತ್ತನೆಯ ನಗರದವರೆಗೆ ಒಂದೇ ಉಸಿರಿನಲ್ಲಿ ಕಟ್ಟಿದ್ದೀರಿ.

ಇನ್ನು ಮೊದಲ ಆಟ. 1,200 ಚಿನ್ನ ಇದ್ದೂ ಸೋತಿರಿ ಎನ್ನುವುದಕ್ಕಿಂತ, ಆ 1,200ರಿಂದ ಕೊಳ್ಳಲು ನಿಮಗೆ ಏನೂ ಇರಲಿಲ್ಲ ಎನ್ನುವುದು ಸರಿ. ಆಟದ ಮೊದಲ ಅರ್ಧದಲ್ಲಿ ಚಿನ್ನಕ್ಕೆ ಉಪಯೋಗ ಬಹಳ ಕಡಿಮೆ. ಹಣ ಕೊಟ್ಟು ಕೂಡಲೇ ಸೈನಿಕರನ್ನೋ ಕಟ್ಟಡವನ್ನೋ ಪಡೆಯಲು ಸಾರ್ವತ್ರಿಕ ಮತದಾನದ ಪದ್ಧತಿ ಬೇಕು. ಪಿರಮಿಡ್ ಕಟ್ಟಿದ್ದರೆ ಸರಿ, ಇಲ್ಲದಿದ್ದರೆ ಅದು ಬಹಳ ತಡವಾಗಿ ಸಿಗುತ್ತದೆ. ಉಳಿದ ದೊಡ್ಡ ದಾರಿ ಎಂದರೆ ಹಳೆಯ ದಳಗಳನ್ನು ಮೇಲ್ದರ್ಜೆಗೆ ಏರಿಸುವುದು. ಸಾಮಾನ್ಯ ವೇಗದ ಆಟದಲ್ಲಿ ಒಬ್ಬ ಬಿಲ್ಲುಗಾರನನ್ನು ಲಾಂಗ್‌ಬೋ ಹಿಡಿದ ಸೈನಿಕನನ್ನಾಗಿ ಮಾಡಲು 95 ಚಿನ್ನ: ಮೂಲ ಶುಲ್ಕ 20, ಅದರ ಮೇಲೆ ಎರಡು ದಳಗಳ ಉತ್ಪಾದನಾ ವೆಚ್ಚದ ವ್ಯತ್ಯಾಸದ ಮೂರು ಪಟ್ಟು. ನಿಮ್ಮ ಹತ್ತು ಬಿಲ್ಲುಗಾರರಿಗೆ 950 ಸಾಕಿತ್ತು, ಒಂದೇ ಸರದಿಯಲ್ಲಿ. ಆದರೆ ಅದಕ್ಕೆ ಬೇಕಾದ ಫ್ಯೂಡಲಿಸಂ ತಂತ್ರಜ್ಞಾನ ನಿಮ್ಮ ಬಳಿ ಇರಲಿಲ್ಲ. ಏಕೆಂದರೆ ಆ ಚಿನ್ನ ಕೂಡಿಸಲೆಂದೇ ನೀವು ಸಂಶೋಧನೆಯನ್ನು ಶೇಕಡಾ 30ರಲ್ಲಿ ಹಿಡಿದಿಟ್ಟಿದ್ದಿರಿ.

ತುಂಬಿದ ಖಜಾನೆ ಕಂಡರೆ ಶತ್ರು ಹಿಂಜರಿಯುತ್ತಾನೆ ಎಂಬ ನಂಬಿಕೆಯೂ ನಿಮ್ಮ ಪತ್ರದಲ್ಲಿ ಒಂದು ಕಡೆ ಇಣುಕಿದೆ. ಕಂಪ್ಯೂಟರ್ ರಾಜರು ಯುದ್ಧ ಸಾರುವಾಗ ತೂಗಿ ನೋಡುವುದು ಸೈನ್ಯ ಬಲವನ್ನು, ಚಿನ್ನವನ್ನಲ್ಲ. ಚಿನ್ನ ಇದ್ದರೆ 'ಕಪ್ಪ ಕೊಡು' ಎಂದು ಕೇಳಿಕೊಂಡು ಬರುವುದುಂಟು. ಜೊತೆಗೆ, ಎಫ್2 ಪರದೆಯ ಆ ಕೊನೆಯ ಸಾಲು, ಹಣದುಬ್ಬರ, ಆಟ ಮುಂದುವರಿದಂತೆ ಏರುತ್ತಲೇ ಹೋಗುತ್ತದೆ. ಇಂದು ಹತ್ತು ಸರದಿಯ ಕೊರತೆ ತುಂಬುವ ಚಿನ್ನ ನೂರು ಸರದಿಯ ಬಳಿಕ ಅಷ್ಟು ದಿನ ಬಾರದು. ಇಟ್ಟ ಚಿನ್ನಕ್ಕೆ ಬಡ್ಡಿಯೂ ಇಲ್ಲ.

ಹೀಗಿದ್ದೂ ಜನ ಏಕೆ ಕೂಡಿಡುತ್ತಾರೆ? ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಆಟವನ್ನು ಪರೀಕ್ಷಿಸಲು ಆಟಗಾರರನ್ನು ಕೂರಿಸಿ ಅವರ ಬೆನ್ನ ಹಿಂದೆ ನಿಂತು ನೋಡುವುದು ನನ್ನ ಕೆಲಸದ ಭಾಗ. ಒಮ್ಮೆ ಅನಿರೀಕ್ಷಿತ ದಾಳಿಯಲ್ಲಿ ನಗರ ಕಳೆದುಕೊಂಡವರು ಮುಂದಿನ ಆಟದಲ್ಲಿ ತಪ್ಪದೆ ಹಣ ಕೂಡಿಸಲು ತೊಡಗುತ್ತಾರೆ. ಖಜಾನೆಯ ಅಂಕಿ ಪರದೆಯ ಮೂಲೆಯಲ್ಲಿ ಸದಾ ಕಾಣುತ್ತಿರುತ್ತದೆ, ಏರಿದರೆ ಸಮಾಧಾನ. ತಂತ್ರಜ್ಞಾನದಲ್ಲಿ ಎಂಟು ಸರದಿ ಹಿಂದೆ ಬಿದ್ದದ್ದು ಎಲ್ಲಿಯೂ ಹಾಗೆ ಕಾಣುವುದಿಲ್ಲ. ಅದು ಕಾಣುವುದು ಗಡಿಯಲ್ಲಿ ಬೇರೆ ಬಗೆಯ ಸೈನಿಕರು ಬಂದು ನಿಂತ ದಿನ. ಇದರಲ್ಲಿ ಆಟಗಾರನ ದಡ್ಡತನ ಇಲ್ಲ. ಕಾಣುವುದನ್ನೇ ಮನಸ್ಸು ಅಳೆಯುತ್ತದೆ.

ನಿಮ್ಮ ತಂದೆಯ ಮಾತಿಗೆ ಬರುತ್ತೇನೆ. ಹೋಟೆಲಿಗೆ ಅದು ನೂರಕ್ಕೆ ನೂರು ಸರಿ. ಮಳೆಗಾಲದಲ್ಲಿ ರೈಲು ನಿಂತು ಗಿರಾಕಿ ಬಾರದ ದಿನ, ಫ್ರಿಜ್ ಕೆಟ್ಟ ದಿನ, ಅಡಿಗೆಯವರು ಊರಿಗೆ ಹೋಗಿ ಮರಳದ ವಾರ, ಯಾವುದೂ ಮೊದಲೇ ಹೇಳಿ ಬರುವುದಿಲ್ಲ. ಆಟದಲ್ಲಿ ಹಾಗಲ್ಲ. ಮುಂದಿನ ಸರದಿಯ ಖರ್ಚೆಲ್ಲ ಇಂದೇ ಎಫ್2 ಪರದೆಯಲ್ಲಿ ಬರೆದಿದೆ. ಮೇಲ್ದರ್ಜೆಯ ಬೆಲೆಯನ್ನು ಎಣಿಸಿ ಹೇಳಬಹುದು. ಎಷ್ಟು ಸರದಿಯಲ್ಲಿ ಯಾವ ತಂತ್ರಜ್ಞಾನ ಸಿಗುತ್ತದೆಂದು ಆಟವೇ ಹೇಳುತ್ತದೆ. ಅನಿಶ್ಚಿತತೆ ಇಷ್ಟು ಕಡಿಮೆ ಇರುವಲ್ಲಿ ಮೂರು ತಿಂಗಳ ಖರ್ಚು ಕಟ್ಟಿಡಬೇಕಿಲ್ಲ.

ಆದರೆ ಹೋಟೆಲಿನವರ ಇನ್ನೊಂದು ಅಭ್ಯಾಸ ಆಟಕ್ಕೆ ನೇರವಾಗಿ ಒಗ್ಗುತ್ತದೆ. ನನ್ನ ಸೋದರಮಾವ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಬಹಳ ವರ್ಷ ಕುಳಿತವರು. ಶಾಲೆಯ ರಜೆಯಲ್ಲಿ ಅಲ್ಲಿ ಹೋದಾಗ ನೋಡುತ್ತಿದ್ದೆ: ರಾತ್ರಿ ಬಾಗಿಲೆಳೆದ ಮೇಲೆ ಅವರು ನೋಟುಗಳನ್ನು ಒಂದೇ ಕಟ್ಟು ಮಾಡುತ್ತಿರಲಿಲ್ಲ. ಸಣ್ಣ ಸಣ್ಣ ಕಟ್ಟು, ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡ್, ಒಳಗೆ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಚೀಟಿ. 'ಹಾಲು, ಬೆಳಿಗ್ಗೆ'. 'ಗ್ಯಾಸ್, ಗುರುವಾರ'. 'ಪಗಾರ, 7'. ಎಲ್ಲ ಕಟ್ಟಿದ ಮೇಲೆ ಉಳಿದದ್ದನ್ನು ಮಾಲೀಕರಿಗೆ ಕೊಡುತ್ತಿದ್ದರು, ಅದು ಹೊಸ ಗ್ರೈಂಡರಿಗೋ ಬಣ್ಣ ಬಳಿಸುವುದಕ್ಕೋ ಹೋಗುತ್ತಿತ್ತು. ಹೆಸರು ಮತ್ತು ದಿನ ಇಲ್ಲದ ಕಟ್ಟು ಆ ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ನಿಮ್ಮ ಖಜಾನೆಗೂ ನಾನು ಇದನ್ನೇ ಹೇಳುತ್ತೇನೆ. 'ಎಷ್ಟು ಉಳಿಸಬೇಕು' ಎಂದು ಕೇಳುವ ಬದಲು 'ಯಾವುದಕ್ಕೆ, ಯಾವ ಸರದಿಗೆ' ಎಂದು ಕೇಳಿದರೆ ಅಂಕಿ ತಾನಾಗಿ ಬರುತ್ತದೆ.

ಒಂದು ಉದಾಹರಣೆ. ಸಂಶೋಧನೆ ಶೇಕಡಾ 100ರಲ್ಲಿದ್ದಾಗ ಸರದಿಗೆ 22 ಚಿನ್ನ ಕೊರತೆ ಎನ್ನೋಣ. ಫ್ಯೂಡಲಿಸಂ ಮುಗಿಯಲು 7 ಸರದಿ. ಅದಕ್ಕೆ 154. ಮುಗಿದ ಕೂಡಲೇ ಗಡಿಯ ನಾಲ್ಕು ಬಿಲ್ಲುಗಾರರನ್ನು ಏರಿಸಲು 380. ಒಟ್ಟು 534. ಕೈತಪ್ಪಿಗೆಂದು ತುಸು ಸೇರಿಸಿ 560 ಇಟ್ಟುಕೊಳ್ಳಿ. ಅದರ ಮೇಲೆ ಇರುವ ಒಂದೊಂದು ಚಿನ್ನವೂ ಆಗಲೇ ಸಂಶೋಧನೆಗೆ ಹೋಗಿರಬೇಕಿತ್ತು.

ಈಗ ನಿಮ್ಮ ದೊಡ್ಡಪ್ಪನ ಮಗನ ಮಾತು. ಖಜಾನೆ ಸೊನ್ನೆಯ ಹತ್ತಿರ ಇರಬೇಕು ಎನ್ನುವುದರ ಹಿಂದೆ ನಿಜವಾದ ತಂತ್ರವೊಂದಿದೆ, ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ನುರಿತ ಆಟಗಾರರು ಸ್ಲೈಡರನ್ನು ಮಧ್ಯದಲ್ಲಿ ಇಡುವುದಿಲ್ಲ. ಕೆಲವು ಸರದಿ ಸೊನ್ನೆ, ಕೆಲವು ಸರದಿ ನೂರು. ಸೊನ್ನೆಯಲ್ಲಿ ಚಿನ್ನ ತುಂಬುತ್ತದೆ, ನೂರರಲ್ಲಿ ಅದು ಕರಗುತ್ತದೆ. ಸರಾಸರಿ ಒಂದೇ ಅಲ್ಲವೇ, ಲಾಭ ಎಲ್ಲಿಂದ ಎಂದು ಕೇಳಬಹುದು. ಬರೀ ಹೀಗೆ ಹೊರಳಿಸುತ್ತಿದ್ದರೆ ಅಂಥ ಲಾಭವೇನೂ ಇಲ್ಲ, ಆಟ ಲೆಕ್ಕದಲ್ಲಿ ಭಿನ್ನರಾಶಿಗಳನ್ನು ಕಡಿದುಹಾಕುವುದರಿಂದ ಪೋಲಾಗುವುದು ಒಂದಿಷ್ಟು ಉಳಿಯುತ್ತದೆ ಅಷ್ಟೆ. ಲಾಭ ಬರುವುದು ಸಮಯ ನೋಡಿ ಮಾಡಿದಾಗ.

ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ವಾಣಿಜ್ಯ, ಅಂದರೆ ಸ್ಲೈಡರ್ ಹಂಚುವ ಆದಾಯ, ಸರದಿಗೆ 40, ಖರ್ಚು 20. ಸ್ಲೈಡರ್ 50ರಲ್ಲಿಟ್ಟರೆ ಖಜಾನೆ ಸಮ, ಸಂಶೋಧನೆ 20. ಗ್ರಂಥಾಲಯಗಳು ಮುಗಿಯಲು ಇನ್ನೂ 8 ಸರದಿ ಬೇಕು. ಮುಗಿದರೆ ಸಂಶೋಧನೆ ಶೇಕಡಾ 25 ಹೆಚ್ಚು. ಸ್ಲೈಡರ್ ಮುಟ್ಟದೆ ಕುಳಿತರೆ ಮೊದಲ 8 ಸರದಿಯಲ್ಲಿ 160, ಮುಂದಿನ 8ರಲ್ಲಿ ಸರದಿಗೆ 25ರಂತೆ 200, ಒಟ್ಟು 360 ಸಂಶೋಧನಾ ಅಂಕ. ಬದಲಿಗೆ ಮೊದಲ 8 ಸರದಿ ಸಂಶೋಧನೆಯನ್ನು ಸೊನ್ನೆಯಲ್ಲಿಡಿ. ಸರದಿಗೆ 20ರಂತೆ 160 ಚಿನ್ನ ಸೇರುತ್ತದೆ. ಗ್ರಂಥಾಲಯ ಮುಗಿದ ಮೇಲೆ ನೂರಕ್ಕೆ ಏರಿಸಿ. ಸರದಿಗೆ 50 ಅಂಕ, 8 ಸರದಿಗೆ 400. ಚಿನ್ನ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ಅದೇ ಆದಾಯದಿಂದ 40 ಅಂಕ ಹೆಚ್ಚು. ಇಲ್ಲಿ ಕೂಡಿಟ್ಟ 160 ಚಿನ್ನಕ್ಕೆ ಹೆಸರೂ ಇತ್ತು, ದಿನವೂ ಇತ್ತು.

ಇದರ ಅಪಾಯವನ್ನೂ ತಿಳಿದಿರಿ. ಸೊನ್ನೆಯಲ್ಲಿ ಕುಳಿತ ಆ 8 ಸರದಿಯಲ್ಲಿ ನಿಮಗೆ ಹೊಸ ತಂತ್ರಜ್ಞಾನವೇ ಸಿಗುವುದಿಲ್ಲ. ಎದುರಾಳಿ ಗಡಿಯಲ್ಲಿ ದಳ ಸೇರಿಸುತ್ತಿದ್ದರೆ, ಅಥವಾ ಮೊದಲು ತಲುಪಿದವರಿಗೆ ಮಾತ್ರ ಸಿಗುವ ಧರ್ಮಸ್ಥಾಪನೆಯಂಥದ್ದರ ಹಿಂದೆ ನೀವು ಓಡುತ್ತಿದ್ದರೆ ಈ ದಾರಿ ಬೇಡ. ಆಗ ಮಧ್ಯದ ಸ್ಲೈಡರೇ ಸುರಕ್ಷಿತ. ನೂರರಲ್ಲಿ ಓಡುತ್ತಿರುವಾಗ ಯುದ್ಧ ಬಂದರೆ ಸರಬರಾಜು ವೆಚ್ಚ ಏರಿ ನೀವು ಎಣಿಸಿದ ಸರದಿಗಳಿಗಿಂತ ಮೊದಲೇ ಖಜಾನೆ ಮುಗಿಯುತ್ತದೆ. ಹಾಗಾಗಿ ನೆರೆಯವನ ಮುಖ ಸಿಡುಕಿದ್ದಾಗ ನಾನು ಕೊನೆಯ ಎರಡು ಸರದಿಯ ಕೊರತೆಯಷ್ಟು ಹಣವನ್ನು ಮುಟ್ಟುವುದಿಲ್ಲ.

ದೊಡ್ಡ ಮೊತ್ತ ಕೂಡಿಟ್ಟು ಒಂದೇ ಸಲ ಇಡೀ ಸೈನ್ಯವನ್ನು ಏರಿಸಿ ದಾಳಿ ಮಾಡುವುದು ಇನ್ನೊಂದು ದಾರಿ. ಒಳ್ಳೆಯ ದಾರಿಯೇ, ಆದರೆ ಆ ತಂತ್ರಜ್ಞಾನ ನೆರೆಯವನಿಗಿಂತ ಮೊದಲು ಸಿಕ್ಕರೆ ಮಾತ್ರ. ಐದು ಸರದಿ ತಡವಾದರೆ ದುಬಾರಿ ಸೈನ್ಯ ಸಮಬಲದ ಸೈನ್ಯದೆದುರು ನಿಂತಿರುತ್ತದೆ. ಸಂಶೋಧನೆಯನ್ನೇ ಕಡೆಗಣಿಸಿ ಇತರರಿಂದ ತಂತ್ರಜ್ಞಾನ ವಿನಿಮಯ ಮಾಡಿಕೊಂಡು ಬದುಕುವವರೂ ಇದ್ದಾರೆ. ಕೊಡಲು ನಿಮ್ಮ ಬಳಿಯೂ ಏನಾದರೂ ಇರಬೇಕು, ಮತ್ತು ಕೊಡುವ ಮನಸ್ಸಿನ ನೆರೆಯವರು ಇರಬೇಕು. ಮೊದಲ ಹತ್ತಾರು ಆಟಗಳಲ್ಲಿ ನಾನು ಅದನ್ನು ಹೇಳಿಕೊಡುವುದಿಲ್ಲ.

ಸ್ಲೈಡರಿನ ಬಗ್ಗೆ ಇಷ್ಟು ಬರೆದರೂ ಒಂದು ಮಾತು ಒತ್ತಿ ಹೇಳಬೇಕು: ಸ್ಲೈಡರ್ ಹಣವನ್ನು ಹಂಚುತ್ತದೆ, ಹುಟ್ಟಿಸುವುದಿಲ್ಲ. ಈ ಆಟದಲ್ಲಿ ಹಣ ಹುಟ್ಟುವುದು ನೆಲದಲ್ಲಿ, ಮುಖ್ಯವಾಗಿ ಕಾಟೇಜುಗಳಲ್ಲಿ, ಅಂದರೆ ನಗರದ ಸುತ್ತಲ ನೆಲದಲ್ಲಿ ಕಟ್ಟಿಸುವ ಗುಡಿಸಲುಗಳಲ್ಲಿ. ಪ್ರಜೆಯೊಬ್ಬ ದುಡಿಯುತ್ತಿರುವ ಕಾಟೇಜ್ 10 ಸರದಿಯಲ್ಲಿ ಪುಟ್ಟ ಹಳ್ಳಿಯಾಗುತ್ತದೆ, ಮತ್ತೆ 20ರಲ್ಲಿ ದೊಡ್ಡ ಹಳ್ಳಿ, ಮತ್ತೆ 40ರಲ್ಲಿ ಪಟ್ಟಣ. ಒಟ್ಟು 70 ಸರದಿಯಲ್ಲಿ ಒಂದರಿಂದ ಆರಂಭವಾದ ವಾಣಿಜ್ಯ ನಾಲ್ಕಾಗುತ್ತದೆ, ಮುದ್ರಣ ಯಂತ್ರ ಬಂದ ಮೇಲೆ ಐದು. ಯಾರೂ ದುಡಿಯದೆ ಬಿಟ್ಟರೆ ಬೆಳೆಯುವುದಿಲ್ಲ. ನಿಮ್ಮ ಎರಡೂ ಫೈಲುಗಳಲ್ಲಿ ರಾಜಧಾನಿಯ ನದಿಯ ದಂಡೆಯುದ್ದಕ್ಕೂ ಬರೀ ಹೊಲಗಳಿವೆ, ಕಾಟೇಜ್ ಮೂರೋ ನಾಲ್ಕೋ. ನೂರನೆಯ ಸರದಿಯಲ್ಲಿ ಸ್ಲೈಡರಿನೊಡನೆ ನೀವು ಪಟ್ಟ ಕಷ್ಟದ ಬಹುಪಾಲು ಮೂವತ್ತನೆಯ ಸರದಿಯಲ್ಲಿ ಆ ದಂಡೆಯ ಮೇಲೆ ನಿರ್ಧಾರವಾಗಿತ್ತು.

ಬೇರೆ ಆಟಗಳಿಗೆ ಹೋದರೆ ನಿಯಮ ಬದಲಾಗುತ್ತದೆ, ಹಳೆಯ ಅಭ್ಯಾಸ ಹೊತ್ತುಕೊಂಡು ಹೋಗಬೇಡಿ. 2010ರ ಸಿವಿಲೈಸೇಷನ್ 5ರಲ್ಲಿ ಈ ಸ್ಲೈಡರೇ ಇಲ್ಲ. ಖಜಾನೆ ಬರಿದಾಗಿ ನಷ್ಟ ಮುಂದುವರಿದರೆ ಆ ನಷ್ಟದಷ್ಟನ್ನು ಸಂಶೋಧನೆಯಿಂದಲೇ ಕಳೆಯಲಾಗುತ್ತದೆ, ಹಾಗಾಗಿ ಅಲ್ಲಿ ಸೊನ್ನೆಯ ಹತ್ತಿರ ಆಡುವುದು ಅಪಾಯ. 2016ರ ಆರನೆಯದರಲ್ಲಿ ಚಿನ್ನದಿಂದ ಕಟ್ಟಡ, ಸೈನಿಕರನ್ನು ಆರಂಭದಿಂದಲೇ ಕೊಳ್ಳಬಹುದು, ಆದ್ದರಿಂದ ಉಳಿತಾಯಕ್ಕೆ ಅಲ್ಲಿ ಹೆಚ್ಚು ಅರ್ಥವಿದೆ. ಸಂಶೋಧನೆಯ ವೇಗ ಬಹಳಷ್ಟು ನಿಂತಿರುವುದು ನಿರ್ದಿಷ್ಟ ಕೆಲಸಗಳನ್ನು ಮಾಡಿ ಗಳಿಸುವ ಯುರೇಕಾ ರಿಯಾಯಿತಿಗಳ ಮೇಲೆ.

ಪಾಲಿಟೋಪಿಯಾ ಇನ್ನೂ ಬೇರೆ. ಅಲ್ಲಿ ಸಂಶೋಧನೆಗೂ ಸೈನ್ಯಕ್ಕೂ ಒಂದೇ ನಾಣ್ಯ, ನಕ್ಷತ್ರ. ದಳಗಳಿಗೆ ನಿರ್ವಹಣಾ ವೆಚ್ಚ ಇಲ್ಲ, ಉಳಿಸಿದ್ದು ಕರಗುವುದೂ ಇಲ್ಲ. ಆದರೆ ಪ್ರತಿ ತಂತ್ರಜ್ಞಾನದ ಬೆಲೆ ನಿಮ್ಮ ನಗರಗಳ ಸಂಖ್ಯೆಯೊಂದಿಗೆ ಏರುತ್ತದೆ: ಹಂತವನ್ನು ನಗರಗಳ ಸಂಖ್ಯೆಯಿಂದ ಗುಣಿಸಿ 4 ಕೂಡಿಸಿ. ಎರಡು ನಗರ ಇದ್ದಾಗ ಎರಡನೆಯ ಹಂತದ ತಂತ್ರಜ್ಞಾನಕ್ಕೆ 8 ನಕ್ಷತ್ರ, ಮೂರನೆಯ ನಗರ ಸೇರಿದ ಕೂಡಲೇ 10. ನಿಮ್ಮ ಸೈನಿಕ ಹಳ್ಳಿಯೊಂದರ ಮೇಲೆ ನಿಂತು ವಶಪಡಿಸಿಕೊಳ್ಳಲು ಸಿದ್ಧನಾಗಿದ್ದಾನೆ, ಕೈಯಲ್ಲಿ 8 ನಕ್ಷತ್ರ ಇವೆ ಎಂದರೆ ಮೊದಲು ತಂತ್ರಜ್ಞಾನ ಕೊಳ್ಳಿ, ಆಮೇಲೆ ಹಳ್ಳಿ ಹಿಡಿಯಿರಿ. ಅದೇ ಸರದಿ, ಬೆರಳಿನ ಎರಡು ಒತ್ತು ಹಿಂದುಮುಂದು, ಎರಡು ನಕ್ಷತ್ರ ಉಳಿಯಿತು. ಶತ್ರು ದಳ ಕಣ್ಣಿಗೆ ಬಿದ್ದಿದ್ದರೆ ಮಾತ್ರ ಒಬ್ಬ ರಕ್ಷಕನಿಗೆ ಬೇಕಾದ 3 ನಕ್ಷತ್ರ ಬದಿಗಿಟ್ಟು ಉಳಿದದ್ದನ್ನು ಎಣಿಸಿ.

ನಿಮ್ಮ ಎರಡನೆಯ ಫೈಲ್ ಇನ್ನೂ ಸತ್ತಿಲ್ಲ, ಅದನ್ನು ಬಿಡಬೇಡಿ. ಗಡಿಯಾಚೆ ನಿಲ್ಲಿಸಿರುವ ದಳಗಳನ್ನು ಮೊದಲು ಒಳಗೆ ಕರೆಸಿ. ಸರಬರಾಜಿನ 6 ಚಿನ್ನ ಉಳಿದು ಮುಷ್ಕರ ಅಲ್ಲಿಗೇ ನಿಲ್ಲುತ್ತದೆ. ರಾಜಧಾನಿಯಲ್ಲಿ ಗ್ರಂಥಾಲಯ ಇದೆ, ಇಬ್ಬರು ಪ್ರಜೆಗಳನ್ನು ಅಲ್ಲಿ ವಿಜ್ಞಾನಿಗಳಾಗಿ ಕೂರಿಸಿ. ಒಬ್ಬೊಬ್ಬರು ಸರದಿಗೆ 3 ಅಂಕ ಕೊಡುತ್ತಾರೆ, ಸ್ಲೈಡರ್ ಸೊನ್ನೆಯಲ್ಲಿದ್ದರೂ ಅದು ನಿಲ್ಲುವುದಿಲ್ಲ. ಆ ಅಂಕಗಳನ್ನು ಕರೆನ್ಸಿ ತಂತ್ರಜ್ಞಾನಕ್ಕೆ ಹಾಕಿ: ಪ್ರತಿ ನಗರಕ್ಕೂ ಇನ್ನೊಂದು ವ್ಯಾಪಾರ ಮಾರ್ಗ ಸಿಗುತ್ತದೆ, ಮಾರ್ಗ ಕೂಡಿಬಂದರೆ ಒಂಬತ್ತು ನಗರಗಳಿಂದ ಕಡಿಮೆಯೆಂದರೂ 9. ನ್ಯಾಯಾಲಯ ಕಟ್ಟಲು ಬೇಕಾದ ಕೋಡ್ ಆಫ್ ಲಾಸ್ ತಂತ್ರಜ್ಞಾನ ನಿಮ್ಮ ಬಳಿ ಆಗಲೇ ಇದೆ, ಒಂದೂ ನ್ಯಾಯಾಲಯ ಕಟ್ಟಿಲ್ಲ. ದೂರದ ಮೂರು ನಗರಗಳು ತಲಾ 7 ಚಿನ್ನ ತಿನ್ನುತ್ತಿವೆ, ನ್ಯಾಯಾಲಯ ಅದನ್ನು ಅರ್ಧಕ್ಕೆ ಇಳಿಸುತ್ತದೆ. ಅದು 120 ಉತ್ಪಾದನೆಯ ದೊಡ್ಡ ಕೆಲಸ, ಆ ಸಣ್ಣ ನಗರಗಳಲ್ಲಿ ಬಹಳ ಸರದಿ ಹಿಡಿಯುತ್ತದೆ. ಅಷ್ಟರವರೆಗೆ ಹತ್ತನೆಯ ನಗರದ ಯೋಚನೆ ಬೇಡ. ನದಿ ದಂಡೆಯ ಅರ್ಧ ಹೊಲಗಳನ್ನು ಈಗಲೇ ಕಾಟೇಜ್ ಮಾಡಿಸಿ. ಹತ್ತು ಸರದಿ ಆಡಿದ ಮೇಲೆ ಎಫ್2 ಪರದೆಯ ಚಿತ್ರ ತೆಗೆದು ಕಳಿಸಿ, ಅಲ್ಲಿಂದ ಮುಂದಿನ ಲೆಕ್ಕ ಇಬ್ಬರೂ ಸೇರಿ ನೋಡೋಣ.